ಜಲ್ಲಿ ಹಾಕಿದ ಮೇಲೆ ಇಂಜಿನ್ ಎರಡೇ ಜಾಗದಲ್ಲಿ ಮುಗ್ಗರಿಸುತ್ತಿದೆ (ಲೇಔಟ್ ಚಿತ್ರಗಳಿವೆ)

ಕೊನೆಬೋಗಿ:

ಎಲ್ಲರಿಗೂ ನಮಸ್ಕಾರ. ಎಂಟಕ್ಕೆ ನಾಲ್ಕು ಅಡಿಯ ಹಲಗೆಯ ಮೇಲೆ ಕಟ್ಟುತ್ತಿರುವ ನನ್ನ ಎಚ್‌ಒ ಅಳತೆಯ ಮಾದರಿ ರೈಲಿನ ಲೇಔಟ್ ಕೊನೆಗೂ ರೈಲುದಾರಿಯಂತೆ ಕಾಣತೊಡಗಿದೆ. ಹಿಂದಿನ ಸಲ ತೋರಿಸಿದಾಗ ಬರೀ ಕಾರ್ಕ್ ಹಾಸು, ಅದರ ಮೇಲೆ ಬೆತ್ತಲೆ ಹಳಿ. ಈಗ ಜಲ್ಲಿ ಬಿದ್ದಿದೆ, ಹಳಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಂದಿದೆ, ಸೇತುವೆ ಕೂತಿದೆ.

[ಚಿತ್ರ 1: ಇಡೀ ಲೇಔಟ್, ಮೇಲಿನಿಂದ]
[ಚಿತ್ರ 2: ನಿಲ್ದಾಣ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಕೊನೆ ಮುಚ್ಚಿದ ಸೈಡಿಂಗ್ (ಪಕ್ಕದ ದಾರಿ)]
[ಚಿತ್ರ 3: ಸೇತುವೆಗೆ ಏರುವ ತಿರುವು, ಸಂಜೆಯ ಬೆಳಕಿನಲ್ಲಿ]

ಸಂತೋಷ ಇಲ್ಲಿಗೆ ಮುಗಿಯಿತು. ಜಲ್ಲಿ ಒಣಗಿದ ದಿನದಿಂದ ಆರು ಅಚ್ಚಿನ ಡೀಸೆಲ್ ಇಂಜಿನ್ ಎರಡು ಕಡೆ ತೊಂದರೆ ಕೊಡುತ್ತಿದೆ. ಮೊದಲನೆಯದು ಸೈಡಿಂಗ್‌ನಲ್ಲಿ, ಪಾಯಿಂಟ್ ದಾಟಿ ಒಂದು ಗೇಣು ಹೋದ ಮೇಲೆ. ಎರಡನೆಯದು ಸೇತುವೆಯ ಬಾಯಲ್ಲಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳಿಯನ್ನು ಮೂರು ಸಲ ಒರೆಸಿದೆ. ಒರೆಸಿದ ಮೇಲೆ ಸೈಡಿಂಗ್‌ನಲ್ಲಿ ಸ್ವಲ್ಪ ಹೊತ್ತು ಸರಿಯಾಗಿ ಓಡುತ್ತದೆ, ಮತ್ತೆ ಅದೇ ಹಾಡು. ಡಿಸಿಸಿ ವ್ಯವಸ್ಥೆ (ಹಳಿಯ ಮೂಲಕವೇ ಇಂಜಿನ್‌ಗೆ ವಿದ್ಯುತ್ತನ್ನೂ ಡಿಜಿಟಲ್ ಆದೇಶವನ್ನೂ ಕಳಿಸುವಂಥದ್ದು), ಹಳಿಗೆ ವಿದ್ಯುತ್ ಕೊಡುವ 5 ಆಂಪಿಯರ್ ಬೂಸ್ಟರ್. ಇಡೀ ಲೇಔಟಿಗೆ ಹಿಂಬದಿಯಲ್ಲಿ ಒಂದೇ ಜೊತೆ ಫೀಡರ್ ತಂತಿ, ಅಂದರೆ ಬೂಸ್ಟರ್‌ನಿಂದ ಹಳಿಗೆ ವಿದ್ಯುತ್ ತರುವ ತಂತಿ. ಜಲ್ಲಿ ಹಾಕುವ ಮುಂಚೆ ಇದೇ ತಂತಿಯಲ್ಲಿ ಎರಡು ತಿಂಗಳು ಯಾವ ತಕರಾರೂ ಇಲ್ಲದೆ ಓಡಿತ್ತು, ಆದ್ದರಿಂದ ತಂತಿಯ ತಪ್ಪಿರಲಾರದು ಎಂದುಕೊಂಡಿದ್ದೇನೆ.

ಕಲ್ಲಿದ್ದಲು:

ಮೂರನೆಯ ಚಿತ್ರ ನೋಡಿ ಐದು ನಿಮಿಷ ಕೂತುಬಿಟ್ಟೆ. ಸೇತುವೆಯ ಕೆಳಗಿನ ಕಲ್ಲುಗಳ ಮೇಲಿನ ಪಾಚಿಯ ಬಣ್ಣ ಬಹಳ ಸಹಜವಾಗಿದೆ.

ಸಮಸ್ಯೆ ಹಳಿಯ ಕೊಳೆಯೇ. ಆಲ್ಕೊಹಾಲ್ ಸಾಲದು. 400 ನಂಬರಿನ ಮರಳು ಕಾಗದದಿಂದ ಒಮ್ಮೆ ಉಜ್ಜಿ, ಹೊಳೆಯುತ್ತದೆ, ಓಡುತ್ತದೆ.

ಸಿಗ್ನಲ್‌ಕಂಬ:

ದಯವಿಟ್ಟು ಮರಳು ಕಾಗದ ಮುಟ್ಟಬೇಡಿ. ಹಳಿಯ ತಲೆಯ ಮೇಲೆ ಬಿದ್ದ ಗೀರುಗಳಲ್ಲಿ ಕೊಳೆ ಮೊದಲಿಗಿಂತ ಬೇಗ ಕೂರುತ್ತದೆ, ಆಮೇಲೆ ಜನ್ಮವಿಡೀ ಉಜ್ಜುತ್ತಿರಬೇಕು. ನಿಮ್ಮದು ನಿಕ್ಕಲ್ ಸಿಲ್ವರ್ ಹಳಿ ಎಂದು ಚಿತ್ರದಲ್ಲೇ ತಿಳಿಯುತ್ತದೆ. ಹೆಸರಿನಲ್ಲಷ್ಟೇ ಬೆಳ್ಳಿ, ಒಳಗಿರುವುದು ತಾಮ್ರ, ನಿಕ್ಕಲ್ ಮತ್ತು ಸತು. ಹಳೆಯ ಹಿತ್ತಾಳೆ ಹಳಿಯಂತೆ ಅದು ಪದೇ ಪದೇ ಕಪ್ಪಾಗಿ ವಿದ್ಯುತ್ ತಡೆಯುವ ಜಾತಿಯಲ್ಲ.

ಅಲ್ಲದೆ ಕೊಳೆಯಾಗಿದ್ದರೆ ಇಂಜಿನ್ ಸಿಕ್ಕಸಿಕ್ಕಲ್ಲಿ ಮುಗ್ಗರಿಸಬೇಕಿತ್ತು. ನಿಮ್ಮದು ಎರಡೇ ಜಾಗ. ನಾಲ್ಕು ಪ್ರಶ್ನೆಗಳಿವೆ.

ನಿಲ್ಲುವಾಗ ದೀಪ ಆರುತ್ತದೆಯೇ, ಇಲ್ಲವೇ ದೀಪ ಉರಿಯುತ್ತಲೇ ಚಕ್ರ ತಡವರಿಸುತ್ತದೆಯೇ? ಎರಡೂ ಕಡೆ ಒಂದೇ ರೀತಿಯೇ? ಒರೆಸದೆ, ಒಣಗಿದ ಮರದ ಕಡ್ಡಿಯಿಂದ ಆ ಜಾಗದ ಹಳಿಯನ್ನು ಸುಮ್ಮನೆ ಒತ್ತಿದರೆ ಏನಾಗುತ್ತದೆ? ಸೈಡಿಂಗ್‌ನ ಆಚೆ ತುದಿಯಲ್ಲಿ ಬೇರೆ ಫೀಡರ್ ಏನಾದರೂ ಇದೆಯೇ?

ಇನ್ನೊಂದು ವಿಷಯ. ಚಿತ್ರಗಳು ಚೆನ್ನಾಗಿವೆ, ಆದರೆ ನನಗೆ ಅವುಗಳಿಂದ ಉಪಯೋಗವಿಲ್ಲ. ಮೇಲಿನಿಂದ ತೆಗೆದರೆ ಎಲ್ಲ ಹಳಿಯೂ ನೆಟ್ಟಗೇ ಕಾಣುತ್ತದೆ. ಮೊಬೈಲನ್ನು ಹಳಿಯ ಮೇಲೆಯೇ ಮಲಗಿಸಿ, ಕ್ಯಾಮೆರಾ ಹಳಿಯ ಮಟ್ಟಕ್ಕೆ ಬರುವಂತೆ ಇಟ್ಟು, ಸೇತುವೆಯ ಕಡೆಗೆ ಒಂದು ತೆಗೆಯಿರಿ. ಹಲಗೆಯ ಕೆಳಗಿನ ತಂತಿಗಳದ್ದೂ ಒಂದು ಬೇಕು. ಅದು ಎಷ್ಟೇ ಗಲೀಜಾಗಿದ್ದರೂ ನಾಚಿಕೊಳ್ಳಬೇಡಿ.

ಕೊನೆಬೋಗಿ:

ಸರ್, ಎರಡೂ ಕಡೆ ಒಂದೇ ರೀತಿಯಲ್ಲ! ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಸೈಡಿಂಗ್‌ನಲ್ಲಿ ದೀಪ, ಸದ್ದು ಎರಡೂ ಆರುತ್ತವೆ. ಸೇತುವೆಯ ಬಳಿ ದೀಪ ಉರಿಯುತ್ತಲೇ ಇರುತ್ತದೆ, ಇಂಜಿನ್ ಮೂಗು ಮುಗ್ಗರಿಸಿ ಅಲುಗಾಡುತ್ತದೆ, ಹಿಂದಿನ ಬೋಗಿ ನಾಲ್ಕಕ್ಕೆ ಒಂದು ಸಲ ಹಳಿ ತಪ್ಪುತ್ತದೆ.

ಕಡ್ಡಿಯಿಂದ ಒತ್ತಿದೆ. ಸೈಡಿಂಗ್‌ನಲ್ಲಿ ಸತ್ತು ನಿಂತಿದ್ದ ಇಂಜಿನ್ ತಟ್ಟನೆ ಎದ್ದು ಹೊರಟಿತು. ಕೈ ತೆಗೆದರೆ ಮತ್ತೆ ನಿಂತಿತು. ಬೇರೆ ಫೀಡರ್ ಇಲ್ಲ, ಪಾಯಿಂಟ್ ಕಡೆಯಿಂದ ಬಂದದ್ದೇ ವಿದ್ಯುತ್. ಆದರೆ ಮಲ್ಟಿಮೀಟರ್ ಇಟ್ಟು ನೋಡಿದೆ. ಫೀಡರ್ ಬಳಿ 14.6 ವೋಲ್ಟ್, ಸೈಡಿಂಗ್‌ನಲ್ಲಿ 14.5. ವಿದ್ಯುತ್ತೇನೋ ಪೂರ್ತಿ ಬರುತ್ತಿದೆಯಲ್ಲ?

[ಚಿತ್ರ 4: ಹಳಿಯ ಮಟ್ಟದಿಂದ ಸೇತುವೆ]
[ಚಿತ್ರ 5: ಹಲಗೆಯ ಕೆಳಭಾಗ, ಕ್ಷಮಿಸಿ]

ಸಿಗ್ನಲ್‌ಕಂಬ:

ಒರೆಸಿದಾಗ ಯಾಕೆ ಸರಿಹೋಗುತ್ತಿತ್ತು ಎಂಬುದಕ್ಕೆ ಕಡ್ಡಿಯೇ ಉತ್ತರ ಕೊಟ್ಟಿತು. ಒರೆಸುವಾಗ ನೀವು ಒತ್ತುತ್ತಿದ್ದಿರಿ, ಒತ್ತಿದಾಗ ಹಳಿಯ ಜೋಡಣೆ ಕದಲುತ್ತಿತ್ತು. ಹಳಿ ಎಂದೋ ಶುಚಿಯಾಗಿತ್ತು, ಪಾಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ.

ಜಲ್ಲಿ ಕೂರಿಸಲು ನೀರು ಬೆರೆಸಿದ ಬಿಳಿ ಅಂಟನ್ನು ಸುರಿದಿದ್ದೀರಿ, ಅದು ಹರಿಯಲೆಂದು ಒಂದು ಹನಿ ಸೋಪನ್ನೂ ಹಾಕಿರುತ್ತೀರಿ. ಎಲ್ಲರೂ ಹಾಗೇ ಮಾಡುತ್ತೇವೆ. ಜಲ್ಲಿಯೊಳಗೆ ಸಲೀಸಾಗಿ ನುಗ್ಗುವ ಆ ನೀರಂಟು ಎರಡು ಹಳಿಗಳನ್ನು ಸೇರಿಸುವ ಪುಟ್ಟ ಲೋಹದ ಜಾಯಿನರ್ ಒಳಕ್ಕೂ ಅಷ್ಟೇ ಸಲೀಸಾಗಿ ನುಗ್ಗುತ್ತದೆ. ಒಣಗಿದ ಅಂಟು ವಿದ್ಯುತ್ತನ್ನು ಬಿಡುವುದಿಲ್ಲ. ಅದರ ಮೇಲೆ ತುಕ್ಕಿನ ಬಣ್ಣವನ್ನೂ ಬಳಿದಿದ್ದೀರಿ. ಜಾಯಿನರ್ ಹಳಿಗಳನ್ನು ಸಾಲಾಗಿ ಹಿಡಿಯುವುದಕ್ಕೆ ಇರುವ ವಸ್ತು, ವಿದ್ಯುತ್ ಸಾಗಿಸುವುದು ಅದರ ಬಿಟ್ಟಿ ಚಾಕರಿ. ಎರಡು ತಿಂಗಳು ಮಾಡಿತು, ಈಗ ಕೈಚೆಲ್ಲಿದೆ.

ಹಾಗಾದರೆ ಮೀಟರ್ ಯಾಕೆ 14.5 ತೋರಿಸಿತು? ಮೀಟರ್ ಎಳೆಯುವ ವಿದ್ಯುತ್ ಸೊನ್ನೆಗೆ ಸಮ. ಕೊಳಾಯಿ ಮುಚ್ಚಿರುವಾಗ ಕಟ್ಟಿಕೊಂಡ ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತದೆ, ತೆರೆದಾಗ ಮಾತ್ರ ಬಣ್ಣ ಬಯಲಾಗುತ್ತದೆ. ವಿದ್ಯುತ್ ಎಳೆಯುವ ಭಾರ ಕೊಟ್ಟು ಅಳೆಯಬೇಕು. ಕಾರಿನ ಬ್ರೇಕ್ ದೀಪದ 12 ವೋಲ್ಟ್, 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದುಕೊಳ್ಳಿ. ಇಂಜಿನ್‌ಗಳನ್ನೆಲ್ಲ ಎತ್ತಿಟ್ಟು, ಸೈಡಿಂಗ್‌ನ ಎರಡೂ ಹಳಿಗೆ ಬಲ್ಬನ್ನು ಹಚ್ಚಿ, ಅದು ಉರಿಯುತ್ತಿರುವಾಗ ಮೀಟರನ್ನು ಎಸಿ ಅಳತೆಯಲ್ಲಿಟ್ಟು ನೋಡಿ. ಬಲ್ಬ್ ಸುಡುತ್ತದೆ, ಸೀನರಿಯ ಮೇಲೆ ಇಡಬೇಡಿ.

ಡಿಸಿಸಿಯದ್ದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಚೌಕ ಅಲೆ, ಸಾಮಾನ್ಯ ಮೀಟರ್‌ಗಳು ಅದನ್ನು ಕರಾರುವಾಕ್ಕಾಗಿ ಓದುವುದಿಲ್ಲ. ಪರವಾಗಿಲ್ಲ, ನಮಗೆ ಬೇಕಿರುವುದು ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಜಾಯಿನರಿನ ಈಚೆಯ ಹಳಿಗೂ ಇನ್ನೊಂದನ್ನು ಆಚೆಯ ಹಳಿಗೂ ಇಡಿ. ಒಳ್ಳೆಯ ಜೋಡಣೆಯಾದರೆ ಸೊನ್ನೆಯ ಆಸುಪಾಸು ತೋರಿಸುತ್ತದೆ.

ನಾಲ್ಕನೆಯ ಚಿತ್ರದ ಬಗ್ಗೆ ಆಮೇಲೆ ಹೇಳುತ್ತೇನೆ. ಅದು ಬೇರೆಯೇ ಕಾಯಿಲೆ.

ಕಿರುಹಳಿ:

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನದು ಇನ್ನೂ ಚಿಕ್ಕ ಎನ್ ಸ್ಕೇಲ್, ಎರಡು ಹಳಿಗಳ ಅಂತರ 9 ಮಿಲಿಮೀಟರ್. ನನ್ನ ಲೇಔಟ್‌ನಲ್ಲಿ ಸುರಂಗದ ಬಾಯಿ ಮುಗಿದಿದೆ, ಚಿತ್ರ ಕೆಳಗಿದೆ. ಜಲ್ಲಿ ಮುಂದಿನ ವಾರ ಹಾಕಬೇಕೆಂದಿದ್ದೆ, ಇದನ್ನು ಓದಿ ಅಂಟಿನ ಡಬ್ಬಿ ಮುಚ್ಚಿಟ್ಟೆ. ಒಂದು ಅನುಮಾನ: ಅವರ ಮುಖ್ಯ ದಾರಿಯ ಜಾಯಿನರ್‌ಗಳಿಗೂ ಅಂಟು ಹೋಗಿರಬೇಕಲ್ಲ? ಅಲ್ಲಿ ಯಾಕೆ ಇಂಜಿನ್ ನಿಲ್ಲುತ್ತಿಲ್ಲ?

[ಚಿತ್ರ: ಸುರಂಗದ ಬಾಯಿ]

ಸಿಗ್ನಲ್‌ಕಂಬ:

ಸುರಂಗದ ಮೇಲೆ ಹೊಗೆಯ ಮಸಿ ಹಿತವಾಗಿದೆ, ಇನ್ನು ಬಳಿಯಬೇಡಿ.

ಒಳ್ಳೆಯ ಪ್ರಶ್ನೆ. ಮುಖ್ಯ ದಾರಿ ಉಂಗುರ. ಉಂಗುರದ ಯಾವ ಜಾಗಕ್ಕೂ ಎಡದಿಂದಲೂ ಬಲದಿಂದಲೂ ವಿದ್ಯುತ್ ಬರುತ್ತದೆ, ಒಂದು ಜೋಡಣೆ ಸತ್ತರೆ ಇನ್ನೊಂದು ಕಡೆಯಿಂದ ನಡೆದುಹೋಗುತ್ತದೆ. ಸೈಡಿಂಗಿಗೆ ಒಂದೇ ಬಾಗಿಲು. ಹಾಗಾಗಿ ಉಂಗುರದಲ್ಲಿ ತೊಂದರೆಯೇ ಇಲ್ಲ ಎಂದಲ್ಲ, ಅಲ್ಲಿ ಅವಿತುಕೊಂಡಿದೆ ಅಷ್ಟೇ. ಎರಡನೆಯ ಜಾಯಿನರ್ ಸತ್ತ ದಿನ ಹೊರಗೆ ಬರುತ್ತದೆ.

ಕೊನೆಬೋಗಿ:

ಬಲ್ಬ್ ಹಚ್ಚಿದೆ. ಫೀಡರ್ ಬಳಿ 14.3. ಸೈಡಿಂಗ್‌ನಲ್ಲಿ 8.6! ಬಲ್ಬ್ ಮಂಕಾಗಿ ಉರಿಯಿತು. ಪಾಯಿಂಟ್ ಆದ ಮೇಲಿನ ಮೊದಲ ಜಾಯಿನರಿನ ಎರಡೂ ಬದಿಗೆ ಮೊನೆ ಇಟ್ಟಾಗ 5.5 ವೋಲ್ಟ್. ಅಷ್ಟೂ ಅಲ್ಲೇ ಸೋರುತ್ತಿದೆ. ಇನ್ನೊಂದು ಹಳಿಯ ಜಾಯಿನರ್ ಸರಿಯಾಗಿದೆ.

ಎರಡೂ ಹಳಿಗೆ ನಾಣ್ಯ ಅಡ್ಡ ಇಟ್ಟು ಶಾರ್ಟ್ ಮಾಡಿ, ಬೂಸ್ಟರ್ ಕಡಿತಗೊಳ್ಳುತ್ತದೆಯೇ ಎಂದು ನೋಡಬೇಕು ಎಂದು ಎಲ್ಲೋ ಓದಿದ್ದೆ. ಅದನ್ನೂ ಮಾಡಿದೆ. ಬೂಸ್ಟರ್ ಸುಮ್ಮನಿತ್ತು. ಇದು ಒಳ್ಳೆಯದೋ ಕೆಟ್ಟದ್ದೋ?

ಸಿಗ್ನಲ್‌ಕಂಬ:

ಬಹಳ ಕೆಟ್ಟದ್ದು. ನಾಣ್ಯವನ್ನು ಈಗಲೇ ತೆಗೆಯಿರಿ, ಒಂದು ಸೆಕೆಂಡಿಗಿಂತ ಹೆಚ್ಚು ಇಡುವಂತಿಲ್ಲ.

ಲೆಕ್ಕ ನೋಡಿ. ಮಂಕಾದ ಬಲ್ಬ್ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತಿತ್ತು. ಅಷ್ಟಕ್ಕೆ 5.5 ವೋಲ್ಟ್ ಬಿದ್ದಿದೆ ಎಂದರೆ ಆ ಜಾಯಿನರಿನ ತಡೆ ಮೂರೂವರೆ ಓಮ್‌ಗಿಂತ ಮೇಲೆ. ನಾಣ್ಯ ಇಟ್ಟಾಗ ಹರಿಯುವುದು ಹೆಚ್ಚೆಂದರೆ 4 ಆಂಪಿಯರ್. ನಿಮ್ಮ ಬೂಸ್ಟರ್ 5 ದಾಟಿದರೆ ಮಾತ್ರ ಎಚ್ಚರಗೊಳ್ಳುತ್ತದೆ. ಅದಕ್ಕೆ ನಾಣ್ಯ ದೊಡ್ಡದೊಂದು ರೈಲಿನಂತೆ ಕಂಡಿದೆ. ಆ ಹೊತ್ತಿಗೆ ಜಾಯಿನರಿನಲ್ಲಿ ಹುಟ್ಟುವ ಶಾಖ 50 ವ್ಯಾಟ್‌ಗೂ ಹೆಚ್ಚು. ನನ್ನ ಬೆಸುಗೆ ಕಡ್ಡಿಯೇ 40 ವ್ಯಾಟಿನದು! ಸೈಡಿಂಗ್‌ನಲ್ಲಿ ಬೋಗಿಯೊಂದು ಹಳಿ ತಪ್ಪಿ ಅಡ್ಡಬಿದ್ದು, ನೀವು ಕಾಫಿಗೆ ಎದ್ದು ಹೋಗಿದ್ದರೆ ಹಳಿಯಡಿಯ ಅಡ್ಡಪಟ್ಟಿಗಳು, ಅಂದರೆ ಪ್ಲಾಸ್ಟಿಕ್ ಸ್ಲೀಪರ್‌ಗಳು ಕರಗಿರುತ್ತಿದ್ದವು.

ಜಾಯಿನರನ್ನು ಶುಚಿ ಮಾಡುವ ಗೋಜಿಗೆ ಹೋಗಬೇಡಿ. ಪ್ರತಿ ಹಳಿ ತುಂಡಿಗೂ ಅದರದೇ ಫೀಡರ್ ಬೆಸೆಯಿರಿ. ಕೆಳಗೆ ಓಡುವ ಮುಖ್ಯ ತಂತಿ 2 ಚದರ ಮಿಲಿಮೀಟರ್ ಇರಲಿ, ಹಳಿಗೆ ಏರುವ ಫೀಡರ್ 0.3 ಸಾಕು, ಒಂದು ಅಡಿಗಿಂತ ಉದ್ದ ಬೇಡ. ಐದನೆಯ ಚಿತ್ರದಲ್ಲಿ ಎಲ್ಲ ತಂತಿಯೂ ಕಪ್ಪು. ಎರಡು ಬಣ್ಣ ಬಳಸಿ, ಇಲ್ಲದಿದ್ದರೆ ಹತ್ತನೆಯ ತಂತಿಯ ಹೊತ್ತಿಗೆ ಒಳಹಳಿ ಹೊರಹಳಿ ಅದಲುಬದಲಾಗಿ ಇಡೀ ಲೇಔಟ್ ಶಾರ್ಟ್ ಆಗುತ್ತದೆ. ಪ್ರತಿ ಜೊತೆ ಮುಗಿದ ಮೇಲೆ ಒಮ್ಮೆ ವಿದ್ಯುತ್ ಕೊಟ್ಟು ನೋಡಿ ಮುಂದಿನದಕ್ಕೆ ಹೋಗಿ.

ಜಲ್ಲಿ ಬಿದ್ದ ಹಳಿಗೆ ಬೆಸೆಯುವುದು ಕಷ್ಟವೇನಲ್ಲ, ಅವಸರ ಕೂಡದು. ಚಕ್ರದ ಅಂಚು ಓಡುವುದು ಒಳಬದಿಯಲ್ಲಿ, ಆದ್ದರಿಂದ ಹೊರಬದಿಯ ಪಕ್ಕದಲ್ಲಿ ಬಣ್ಣವನ್ನು ಕೆರೆದು ಲೋಹ ಕಾಣಿಸಿ. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ರಾಳದ್ದು ಮಾತ್ರ, ಆಮ್ಲದ್ದು ಬೇಡವೇ ಬೇಡ. ಹಳಿಗೂ ತಂತಿಗೂ ಮೊದಲೇ ಸೀಸ ಹಿಡಿಸಿಟ್ಟುಕೊಳ್ಳಿ. ಬೆಸೆಯುವ ಜಾಗದ ಎರಡೂ ಬದಿಗೆ ಒದ್ದೆ ಹತ್ತಿ ಇಟ್ಟು ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ. ಹತ್ತು ಸೆಕೆಂಡು ಹಿಡಿದರೆ ಸ್ಲೀಪರ್ ಕರಗಿ ಹಳಿ ಹಿಡಿತ ಬಿಡುತ್ತದೆ. ಬಣ್ಣ ಮತ್ತೆ ಬಳಿದರೆ ಯಾರಿಗೂ ಕಾಣದು.

ಪಾಯಿಂಟಿನ ಚಲಿಸುವ ನಾಲಗೆಗೂ ಪಕ್ಕದ ಹಳಿಗೂ ನಡುವೆ ಆಲ್ಕೊಹಾಲ್‌ನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಎಳೆದು ನೋಡಿ, ಬಿಳಿ ಪದರ ಬಂದರೆ ಅಲ್ಲಿಗೂ ಅಂಟು ಹೋಗಿದೆ ಎಂದರ್ಥ.

ಕಲ್ಲಿದ್ದಲು:

ನನ್ನ ಮರಳು ಕಾಗದದ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಹಳಿಗಳು ಯಾಕೆ ವಾರಕ್ಕೊಮ್ಮೆ ಕಪ್ಪಾಗುತ್ತವೆ ಎಂಬುದೂ ಈಗ ತಿಳಿಯಿತು.

ಸಿಗ್ನಲ್‌ಕಂಬ:

ಈಗ ಸೇತುವೆ. ನಾಲ್ಕನೆಯ ಚಿತ್ರದಲ್ಲಿ ಸೇತುವೆಗೆ ಎರಡು ಸ್ಲೀಪರ್ ಮುಂಚೆ ನೋಡಿ. ಎಡಹಳಿಯ ಹೊಳಪಿನ ಗೆರೆ ಒಂದೆಡೆ ತುಂಡಾಗಿ ಮತ್ತೆ ಶುರುವಾಗುತ್ತದೆ. ಹಳಿ ಅಲ್ಲಿ ತಗ್ಗಿದೆ. ನಡುವೆ ಕಪ್ಪು ಚುಕ್ಕೆಯಂತೆ ಕಾಣುವುದು ಮೊಳೆಯ ತಲೆ. ಅದನ್ನು ಅತಿಯಾಗಿ ಹೊಡೆದಿದ್ದೀರಿ ಎಂದು ನನ್ನ ಊಹೆ. ಮೊಳೆ ಸ್ಲೀಪರಿನ ಮಧ್ಯವನ್ನು ಕೆಳಕ್ಕೆಳೆದರೆ ಹಳಿ ತಗ್ಗುವುದಷ್ಟೇ ಅಲ್ಲ, ಎರಡು ಹಳಿಗಳೂ ಒಂದರತ್ತ ಒಂದು ವಾಲಿ 16.5 ಮಿಲಿಮೀಟರ್ ಅಂತರವೂ ಕಿರಿದಾಗುತ್ತದೆ. ಉದ್ದದ ಆರು ಅಚ್ಚಿನ ಇಂಜಿನ್ ಇಂಥದ್ದನ್ನು ಸಹಿಸುವುದಿಲ್ಲ. ಉಕ್ಕಿನ ಅಳತೆಪಟ್ಟಿಯನ್ನು ಹಳಿಯ ತಲೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಬೆಳಕು ತೂರುತ್ತದೆಯೇ ನೋಡಿ.

ಕೊನೆಬೋಗಿ:

ತೂರುತ್ತದೆ. ವಿಸಿಟಿಂಗ್ ಕಾರ್ಡ್ ಸಲೀಸಾಗಿ ಹೋಯಿತು. ಆ ತಿರುವಿನ ಜಲ್ಲಿಗೆ ನಾಲ್ಕು ಸಂಜೆ ಹಿಡಿದಿತ್ತು. ಕಿತ್ತುಹಾಕಲೇಬೇಕೇ?

ಸಿಗ್ನಲ್‌ಕಂಬ:

ಬೇಡ. ಬಿಳಿ ಅಂಟಿನ ಒಂದು ಗುಣವೆಂದರೆ ನೀರು ಕುಡಿಸಿದರೆ ಮತ್ತೆ ಮೆತ್ತಗಾಗುತ್ತದೆ. ಆ ಮೂರು ನಾಲ್ಕು ಸ್ಲೀಪರ್‌ಗಳ ಸುತ್ತ ಮಾತ್ರ ನೀರು ಹನಿಸಿ, ಅರ್ಧ ಗಂಟೆ ಬಿಡಿ, ಮೊಳೆಯನ್ನು ಕೂದಲೆಳೆಯಷ್ಟು ಮೇಲೆತ್ತಿ. ತಗ್ಗು ಉಳಿದರೆ ಸ್ಲೀಪರಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ, ಒಣಗಲು ಒಂದು ರಾತ್ರಿ ಕೊಡಿ.

ಕೊನೆಬೋಗಿ:

ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ಒಟ್ಟು ಹನ್ನೊಂದು ಜೊತೆ ಫೀಡರ್ ಬೆಸೆದೆ. ಎರಡು ಸ್ಲೀಪರ್ ಕರಗಿದವು (ಅವಸರಪಟ್ಟೆ), ಒಂದು ಬೆರಳು ಸುಟ್ಟಿತು. ಬಲ್ಬ್ ಹಚ್ಚಿದರೆ ಸೈಡಿಂಗ್‌ನ ತುದಿಯಲ್ಲಿ 14.1. ನಾಣ್ಯ ಇಟ್ಟ ಕ್ಷಣವೇ ಬೂಸ್ಟರ್ ಕಡಿತಗೊಳ್ಳುತ್ತದೆ, ಎಲ್ಲ ಜಾಗದಲ್ಲೂ. ಉಂಗುರದಲ್ಲಿಯೂ ಅರೆಸತ್ತ ಜಾಯಿನರ್‌ಗಳು ಮೂರು ಸಿಕ್ಕವು, ನೀವು ಹೇಳಿದಂತೆ ಅವಿತುಕೊಂಡಿದ್ದವು.

ಸೇತುವೆಯ ಬಳಿ ಮೊಳೆ ಎತ್ತಿದ ಮೇಲೆ ಇಂಜಿನ್ ಮುಗ್ಗರಿಸುವುದು ನಿಂತಿದೆ. ಹಿಂದಿನ ಬೋಗಿ ಮಾತ್ರ ಇನ್ನೂ ಆಗೊಮ್ಮೆ ಈಗೊಮ್ಮೆ ಇಳಿಯುತ್ತದೆ. ಬೋಗಿಯನ್ನು ತಿರುಗಿಸಿ ಹಾಕಿದರೆ ಇಳಿಯುವುದಿಲ್ಲ, ಆದ್ದರಿಂದ ಅದರ ಒಂದು ಅಚ್ಚಿನ ಚಕ್ರಗಳ ಅಂತರದ ಮೇಲೆಯೇ ಅನುಮಾನ. ನಾಳೆ ಗೇಜ್ ಹಿಡಿದು ನೋಡುತ್ತೇನೆ.

[ಚಿತ್ರ 6: ಹಲಗೆಯ ಕೆಳಭಾಗ, ಕೆಂಪು ತಂತಿ ಒಂದು ಕಡೆ, ಕಪ್ಪು ಇನ್ನೊಂದು ಕಡೆ]

ಮನೆಯವರಿಗೆ ಈ ಚಿತ್ರ ತೋರಿಸಿದೆ, ಇದರಲ್ಲಿ ನೋಡುವುದಕ್ಕೆ ಏನಿದೆ ಎಂದರು.

ಸಿಗ್ನಲ್‌ಕಂಬ:

ಆರರಲ್ಲಿ ಇದೇ ನನಗೆ ಇಷ್ಟವಾದ ಚಿತ್ರ. ಎಡಗಡೆಯಿಂದ ನಾಲ್ಕನೆಯ ಬೆಸುಗೆ ಮಂಕಾಗಿ ಕಾಣುತ್ತಿದೆ, ಅದನ್ನೊಮ್ಮೆ ಮತ್ತೆ ಕಾಯಿಸಿ.