ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಬ್ಬಂಟಿಯಾಗಿ ಬದುಕುವುದು ಹೇಗೆ?

ಕುಷ್ಟಗಿಯ ಓದುಗ (ಪ್ರಶ್ನೆ):
ಮಳೆ ಕೈಕೊಟ್ಟ ವರ್ಷ ನಮ್ಮ ಭಾಗದ ಕುರಿಗಾರರು ಹಿಂಡು ಹೊಡೆದುಕೊಂಡು ತುಂಗಭದ್ರಾ ಕಾಲುವೆಯ ನೀರಾವರಿ ಸೀಮೆಗೆ ಹೋಗುತ್ತಾರೆ. ಅವರಿಗೆ ದಾರಿಯುದ್ದಕ್ಕೂ ಊರುಗಳು ಸಿಗುತ್ತವೆ, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ರೈತರೂ ಸಿಗುತ್ತಾರೆ. ಆದರೆ ನೂರಾರು ಕಿಲೋಮೀಟರ್ ಮನೆಯೇ ಕಾಣದ ಆಸ್ಟ್ರೇಲಿಯಾದ ಬಯಲಿನಲ್ಲಿ ದನ ಕಾಯುವವನು ನೀರು, ಊಟ, ಕಾಯಿಲೆಗಳನ್ನು ಹೇಗೆ ನಿಭಾಯಿಸುತ್ತಾನೆ? ಅದಕ್ಕೆ ಮೈಕಸುವೊಂದೇ ಸಾಕೇ?

ಸಿಂಧನೂರಿನಿಂದ:
ಮೊದಲು ಅಲ್ಲಿನ ಅಳತೆಯನ್ನು ಗಮನಿಸಬೇಕು ಸರ್. ದಕ್ಷಿಣ ಆಸ್ಟ್ರೇಲಿಯಾದ ಅನ್ನಾ ಕ್ರೀಕ್ ಎಂಬ ಒಂದೇ ದನಗಾವಲಿನ ವಿಸ್ತೀರ್ಣ ಸುಮಾರು 23,000 ಚದರ ಕಿಲೋಮೀಟರ್. ರಾಯಚೂರು, ಕೊಪ್ಪಳ ಮತ್ತು ವಿಜಯನಗರ ಬೇರ್ಪಟ್ಟ ನಂತರದ ಬಳ್ಳಾರಿ ಮೂರನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ. ನೀರು ಬರುವುದು ನೆಲದಡಿಯಿಂದ. ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿರುವ ಗ್ರೇಟ್ ಆರ್ಟೀಸಿಯನ್ ಬೇಸಿನ್‌ನಲ್ಲಿ ಕೊಳವೆಬಾವಿ ಕೊರೆದರೆ ಎಷ್ಟೋ ಕಡೆ ನೀರು ತನ್ನದೇ ಒತ್ತಡದಿಂದ ಮೇಲೇರುತ್ತದೆ, ಕೆಲವೆಡೆ ಕೈಯಿಡಲಾಗದಷ್ಟು ಬಿಸಿಯಾಗಿಯೇ. ಊಟವೆಂದರೆ ಗೋಧಿಹಿಟ್ಟಿಗೆ ಉಪ್ಪು, ನೀರು ಸೇರಿಸಿ ಕಲಸಿ, ಬಿಸಿಬೂದಿಯಲ್ಲಿ ಹುಗಿದು ಬೇಯಿಸಿದ ದಪ್ಪ ರೊಟ್ಟಿ, ಜೊತೆಗೆ ತಗಡಿನ ಡಬ್ಬಿಯಲ್ಲಿ ಕುದಿಸಿದ ಚಹಾ.

ಸಿರುಗುಪ್ಪದಿಂದ:
ಮೈಕಸುವಿನ ಪ್ರಶ್ನೆಗೆ ಬರ್ಕ್ ಮತ್ತು ವಿಲ್ಸ್ ಅವರ ಕಥೆಯೇ ಉತ್ತರ ಕೊಡುತ್ತದೆ. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಹಿಂದಿರುಗಿದ ಈ ಗಟ್ಟಿಗರು 1861ರಲ್ಲಿ ಕೂಪರ್ ಕ್ರೀಕ್ ದಂಡೆಯಲ್ಲಿ ಪ್ರಾಣ ಬಿಟ್ಟರು. ಆಗ ಅವರ ಎದುರಿಗೆ ನೀರೂ ಇತ್ತು, ಹೊಟ್ಟೆಗೆ ಹಿಟ್ಟೂ ಇತ್ತು. ನಾರ್ಡೂ ಎಂಬ ನೀರಂಚಿನ ನಾಲ್ಕೆಲೆಯ ಗಿಡದ ಬೀಜಾಣುಕೋಶಗಳನ್ನು ಅರೆದು ಅವರು ದಿನವೂ ತಿನ್ನುತ್ತಿದ್ದರು. ಅದರಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಅಲ್ಲಿನ ಮೂಲನಿವಾಸಿ ಯಾಂಡ್ರುವಾಂಢ ಜನರಿಗೆ ಅದನ್ನು ಹದಮಾಡಿ ತಿನ್ನುವ ಕ್ರಮ ತಿಳಿದಿತ್ತು, ಇವರಿಗೆ ತಿಳಿದಿರಲಿಲ್ಲ. ಉಂಡರೂ ಸೊರಗಿ ಸತ್ತರೆಂದು ವಿಜ್ಞಾನಿಗಳು ವಿವರಿಸುವುದು ಹೀಗೆ. ಮೂರನೆಯವನಾದ ಜಾನ್ ಕಿಂಗ್ ಆ ಜನರ ಆಶ್ರಯಕ್ಕೆ ಸೇರಿಕೊಂಡ, ಬದುಕುಳಿದ.

ಮುಂದೆ ದನಗಾವಲುಗಳು ಬೆಳೆದದ್ದೂ ಮೂಲನಿವಾಸಿಗಳ ದುಡಿಮೆಯ ಮೇಲೆಯೇ. ಕುದುರೆ ಪಳಗಿಸುವುದರಲ್ಲಿ, ಹೆಜ್ಜೆಗುರುತು ಹಿಡಿದು ದನ ಹುಡುಕುವುದರಲ್ಲಿ ಅವರು ನಿಪುಣರು. ಕೂಲಿ ಮಾತ್ರ ಬಹುಕಾಲ ಹಿಟ್ಟು, ಸಕ್ಕರೆ, ಚಹಾಪುಡಿಗಳಲ್ಲೇ ಮುಗಿಯುತ್ತಿತ್ತು. 1966ರಲ್ಲಿ ವೇವ್ ಹಿಲ್ ಎಂಬ ದನಗಾವಲಿನ ಮೂಲನಿವಾಸಿ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿ ಅವರ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ಹೊರನಡೆದರು. ಒಂಟಿ ಬಿಳಿಯ ಸಾಹಸಿಯ ಚಿತ್ರವನ್ನಷ್ಟೇ ಮುಂದಿಡುವುದು ಇವರಿಗೆ ಮಾಡುವ ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ.

ಕುಷ್ಟಗಿಯ ಓದುಗ:
ಈ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ, ಧನ್ಯವಾದಗಳು. ಕಾಯಿಲೆಯ ವಿಷಯ ಉಳಿಯಿತು.

ಮಾನ್ವಿಯಿಂದ:
1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ಕ್ವೀನ್ಸ್‌ಲ್ಯಾಂಡಿನ ಕ್ಲೊನ್‌ಕರಿಯಲ್ಲಿ ವಿಮಾನವೈದ್ಯ ಸೇವೆ ಆರಂಭಿಸಿದರು. ವಿದ್ಯುತ್ತಿಲ್ಲದ ಗಾವಲುಗಳಿಗಾಗಿ ಆಲ್‌ಫ್ರೆಡ್ ಟ್ರೇಗರ್ ಕಾಲಲ್ಲಿ ಪೆಡಲ್ ತುಳಿದು ನಡೆಸುವ ರೇಡಿಯೊ ತಯಾರಿಸಿಕೊಟ್ಟರು. ವಿಮಾನ ಬರುವವರೆಗೆ ಕಾಯಲಾಗದ ರೋಗಿಗಾಗಿ ಗಾವಲುಗಳಲ್ಲಿ ಔಷಧಿಪೆಟ್ಟಿಗೆಗಳನ್ನೂ ಇಡಲಾಯಿತು. ಒಳಗಿನ ಪ್ರತಿ ಔಷಧಿಗೂ ಒಂದು ಸಂಖ್ಯೆಯಿರುತ್ತದೆ. ದೂರದ ವೈದ್ಯರು ಲಕ್ಷಣಗಳನ್ನು ಕೇಳಿ ಇಂಥ ಸಂಖ್ಯೆಯದನ್ನು ಕೊಡಿ ಎಂದರೆ, ಔಷಧಿಯ ಹೆಸರು ಗೊತ್ತಿಲ್ಲದವರೂ ಅದನ್ನು ತೆಗೆದು ಕೊಡಬಹುದು.