ಗಣಿಯೇ ಇಲ್ಲದ ಕಡೆ ಹತ್ತು ಇದ್ದಿಲು ಗೂಡು ಯಾಕೆ?

ಕಾಡುಮಲ್ಲಿಗೆ:
ಕಳೆದ ವಾರ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೋಗಿದ್ದೆ. ಅದರ ಪಶ್ಚಿಮಕ್ಕಿರುವ ಪ್ಯಾನಮಿಂಟ್ ಬೆಟ್ಟಸಾಲಿನಲ್ಲಿ, ವೈಲ್ಡ್‌ರೋಸ್ ಹತ್ತಿರ, ಕಲ್ಲಿನ ಹತ್ತು ಗೂಡುಗಳಿವೆ. ಕವುಚಿಟ್ಟ ಮಡಕೆಗಳ ಹಾಗೆ ಸಾಲಾಗಿ. ಒಂದರೊಳಗೆ ಬಗ್ಗಿ ಹೋಗಿ ನಿಂತೆ. ಇನ್ನೂ ಹೊಗೆ ವಾಸನೆ! ಇದ್ದಿಲು ಸುಡುತ್ತಿದ್ದರಂತೆ. ಆದರೆ ಪಕ್ಕದಲ್ಲಿ ಅಂಥ ಗಣಿ ಏನೂ ಕಾಣಲಿಲ್ಲ. 2,000 ಮೀಟರ್ ಮೇಲೆ ಬಂದು ಕಟ್ಟಿದ್ದು ಯಾಕೆ? ಮರುಭೂಮಿಯಲ್ಲಿ ಅಷ್ಟೊಂದು ಮರ ಎಲ್ಲಿಂದ ಬಂತು?

ಬೂದುಗುಡ್ಡ:
ಮರ ಇದ್ದದ್ದೇ ಅಷ್ಟು ಮೇಲೆ, ಅದಕ್ಕೇ ಗೂಡೂ ಅಲ್ಲೇ.

ಡೆತ್ ವ್ಯಾಲಿಯ ತಳದಲ್ಲಿರುವ ಉಪ್ಪಿನ ಬಯಲು ಬ್ಯಾಡ್‌ವಾಟರ್ ನೋಡಿರುತ್ತೀರಿ, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿ ಉಪ್ಪಿನ ಮೇಲೆ ನಿಂತು ಪಶ್ಚಿಮಕ್ಕೆ ತಲೆ ಎತ್ತಿದರೆ ಈ ಬೆಟ್ಟಸಾಲಿನ ಅತಿ ಎತ್ತರದ ಶಿಖರ ಟೆಲಿಸ್ಕೋಪ್ ಪೀಕ್, 3,366 ಮೀಟರ್. ನೆಲ ಸೀಳಿ ಒಂದು ತುಂಡು ಮೇಲೆದ್ದಿದೆ, ಪಕ್ಕದ್ದು ಕುಸಿದಿದೆ. ಪೆಸಿಫಿಕ್ ಕಡೆಯ ಮೋಡ ಪಶ್ಚಿಮದ ಸಿಯೆರಾ ನೆವಾಡ ಪರ್ವತ ದಾಟುವಷ್ಟರಲ್ಲೇ ಮುಕ್ಕಾಲು ಖಾಲಿ. ಉಳಿದ ಚೂರುಪಾರು ಈ ಬೆಟ್ಟಕ್ಕೆ. ಹಾಗಾಗಿ ಮೇಲೆ ಹಿಮ, ಪಿನ್ಯನ್ ಪೈನ್, ಜೂನಿಪರ್. ತಿನ್ನುವ ಪಿನ್ಯನ್ ಬೀಜಕ್ಕೆ ಇಲ್ಲಿನ ಮೂಲನಿವಾಸಿಗಳಾದ ಟಿಂಬಿಶಾ ಶೋಷೋನಿ ಜನ ಗಣಿಯವರಿಗಿಂತ ಎಷ್ಟೋ ಮೊದಲೇ ಈ ಬೆಟ್ಟ ಹತ್ತುತ್ತಿದ್ದರು. ಆ ಮರಗಳನ್ನೇ ಕಡಿದು ಗೂಡಿಗೆ ಹಾಕಿದರು ಅನ್ನೋದು ನನಗೆ ಇವತ್ತಿಗೂ ಬೇಜಾರು.

ಗೂಡು ಕಟ್ಟಿದ್ದು 1877ರಲ್ಲಿ. ಬೆಳ್ಳಿ ಮತ್ತು ಸೀಸದ ಅದಿರು ಇದ್ದದ್ದು ಪಶ್ಚಿಮಕ್ಕೆ ಪ್ಯಾನಮಿಂಟ್ ಕಣಿವೆಯ ಆಚೆ, ಆರ್ಗಸ್ ಬೆಟ್ಟದಲ್ಲಿ, ಸುಮಾರು 40 ಕಿ.ಮೀ. ದೂರ. ಆ ಅದಿರು ಕರಗಿಸುವ ಕುಲುಮೆಗೆ ಬೇಕಾದ ಕಾವು ಸೌದೆಗಿಂತ ಇದ್ದಿಲಿನಲ್ಲಿ ಜಾಸ್ತಿ, ಹೊರೋದಕ್ಕೂ ಹಗುರ. ಎರಡು ಮೂರು ವರ್ಷ ಉರಿದವು, ಅಷ್ಟೇ. ಬೇಗ ಕೈಬಿಟ್ಟಿದ್ದಕ್ಕೇ ಇಷ್ಟು ಗಟ್ಟಿಯಾಗಿ ಉಳಿದಿವೆ. 1971ರಲ್ಲಿ ನವಾಹೋ ಬುಡಕಟ್ಟಿನ ಕಲ್ಲುಕುಟಿಗರು ರಿಪೇರಿ ಮಾಡಿದ್ದಾರೆ.

ನನ್ನ ಪ್ರಕಾರ ಈ ಬೆಟ್ಟದ ಗಣಿ ಕಥೆ ಅಂದರೆ ಹೊರುವ ಕಥೆಯೇ. ಅದಿರು ಒಂದು ಕಡೆ, ಸೌದೆ ಒಂದು ಕಡೆ, ನೀರು ಮತ್ತೊಂದು ಕಡೆ. ಉತ್ತರದಲ್ಲಿ ಸ್ಕಿಡೂ ಅಂತ ಊರಿತ್ತು, 1906ರ ಚಿನ್ನದ ಊರು. ಅದಿರು ಕುಟ್ಟುವ ಯಂತ್ರ ತಿರುಗಿಸಲು ಟೆಲಿಸ್ಕೋಪ್ ಪೀಕ್ ಕಡೆಯಿಂದ 30 ಕಿ.ಮೀ.ಗೂ ಜಾಸ್ತಿ ಪೈಪ್ ಎಳೆದು ನೀರು ತಂದರು!

ಸಂಜೆಗಾಳಿ:
ಬೆಳ್ಳಿಯನ್ನು ದೊಡ್ಡ ಉಂಡೆ ಮಾಡಿ ಸಾಗಿಸಿದ್ದೂ ಇಲ್ಲೇ ಅಲ್ವಾ? ಸುಮ್ನೆ ಕಟ್ಟುಕಥೆ ಅಂದುಕೊಂಡಿದ್ದೆ.

ಬೂದುಗುಡ್ಡ:
ಇಲ್ಲೇ, ಪ್ಯಾನಮಿಂಟ್ ಸಿಟಿಯಲ್ಲಿ. 1873ರಲ್ಲಿ ಇದೇ ಬೆಟ್ಟಸಾಲಿನ ಸರ್ಪ್ರೈಸ್ ಕ್ಯಾನ್ಯನ್ ಅನ್ನೋ ಕಂದರದ ಮೇಲ್ತುದಿಯಲ್ಲಿ ಬೆಳ್ಳಿ ಸಿಕ್ಕಿತು. ನೆವಾಡದ ಸೆನೆಟರುಗಳಾದ ಸ್ಟೀವರ್ಟ್ ಮತ್ತು ಜೋನ್ಸ್ ದುಡ್ಡು ಹಾಕಿದರು. ಕಿರಿದಾದ ಕಂದರ, ದಾರಿಗಳ್ಳರ ಕಾಟ. ಅದಕ್ಕೆ ಒಂದೊಂದು ಉಂಡೆಯನ್ನೂ ಸುಮಾರು 200 ಕಿಲೋ ತೂಕಕ್ಕೆ ಎರಕ ಹೊಯ್ದರಂತೆ. ಕದ್ದವನು ಕುದುರೆ ಮೇಲೆ ಹೇಗೆ ಎತ್ತಿಡುತ್ತಾನೆ? ಕಳ್ಳರನ್ನು ಗೆದ್ದರು, ಅದಿರೇ ಕೈಕೊಟ್ಟಿತು. 1876ರ ಪ್ರವಾಹ ಊರಿನ ಬಹುಪಾಲನ್ನು ಕೊಚ್ಚಿಕೊಂಡು ಹೋಯಿತು.

ನಾನು ಒಮ್ಮೆ ನಡೆದು ಹೋಗಿದ್ದೇನೆ. ಎಂಟು ಕಿ.ಮೀ. ಬರೀ ಏರು. ಶುರುವಿನಲ್ಲಿ ದಾರಿಯೇ ಹಳ್ಳ. ಬಿಳಿ ಬಂಡೆ ಮೇಲೆ ಕಾಲು ಜಾರಿ ಶೂ ತುಂಬಾ ನೀರು. ಡೆತ್ ವ್ಯಾಲಿಗೆ ಬಂದು ಒದ್ದೆ ಕಾಲುಚೀಲ ಹಿಂಡುತ್ತಾ ಕೂತಿದ್ದೆ! ಮೇಲೆ ಕುಲುಮೆಯ ಇಟ್ಟಿಗೆ ಚಿಮಣಿ ಒಂದೇ ನೆಟ್ಟಗೆ ನಿಂತಿದೆ. ಬೆನ್ನೊರಗಿಸಿದೆ, ಇಟ್ಟಿಗೆ ಬಿಸಿಲಿಗೆ ಬೆಚ್ಚಗಿತ್ತು.

ಕಾಡುಮಲ್ಲಿಗೆ:
ಅಯ್ಯೋ, ಅಷ್ಟು ಹತ್ತಿರ ಹೋಗಿ ಬಂದುಬಿಟ್ಟೆನಲ್ಲಾ. ಕಾರು ಹೋಗುತ್ತಾ?

ಬೂದುಗುಡ್ಡ:
ಇಲ್ಲ. 1984ರ ಪ್ರವಾಹದಲ್ಲಿ ಆ ರಸ್ತೆ ಹೋಯಿತು. ನಡೆದೇ ಹೋಗಬೇಕು. ಬೇಸಿಗೆ ಬೇಡ. ಗಣಿ ಸುರಂಗ ಕಂಡರೆ ಹೊರಗಿಂದಲೇ ನೋಡಿ, ಒಳಗೆ ಕಾಲಿಡಬೇಡಿ.