ವಿಶ್ಲೇಷಕರ ಸಭೆಯ ಮಾತು ಸಣ್ಣ ಷೇರುದಾರರಿಗೆ ಯಾವಾಗ ತಲುಪಬೇಕು?

ದಾವಣಗೆರೆ ಹೂಡಿಕೆದಾರ (ಪ್ರಶ್ನೆ):
ಮಾನ್ಯರೇ, ಮಧ್ಯಮ ಗಾತ್ರದ ತಯಾರಿಕಾ ಕಂಪನಿಯೊಂದರಲ್ಲಿ ನನ್ನ ಅಲ್ಪಸ್ವಲ್ಪ ಷೇರುಗಳಿವೆ. ಅದರ ಹೆಸರು ಇಲ್ಲಿ ಬೇಡ. ಕೆಲವು ತಿಂಗಳ ಹಿಂದೆ ಕಂಪನಿಯವರು ಮುಂಬಯಿಯಲ್ಲಿ ಮ್ಯೂಚುವಲ್ ಫಂಡ್‌ಗಳ ಪ್ರತಿನಿಧಿಗಳನ್ನೂ ದಲ್ಲಾಳಿ ಸಂಸ್ಥೆಗಳ ವಿಶ್ಲೇಷಕರನ್ನೂ ಕರೆದು ಸಭೆ ನಡೆಸಿದರು. ಅದರ ಬೆನ್ನಿಗೇ ಷೇರಿನ ಬೆಲೆ ಏರತೊಡಗಿತು. ಹೊಸ ಘಟಕಕ್ಕೆ ಬಂಡವಾಳ ಹೂಡುವ ನಿರ್ಧಾರವು ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಪ್ರಕಟವಾದದ್ದು ಅದಾದ ಮೇಲೆ. ಆ ಸಭೆಯಲ್ಲಿ ಈ ವಿಷಯ ಪ್ರಸ್ತಾಪವಾಗಿತ್ತೆಂದು ನಾನು ಆರೋಪಿಸುತ್ತಿಲ್ಲ. ಆದರೆ ಅಲ್ಲಿ ಆಡಿದ ಮಾತೇನೆಂದು ತಿಳಿಯುವ ಹಕ್ಕು ನನ್ನಂಥವರಿಗೆ ಇದೆಯೇ? ಇದ್ದರೆ ಅದನ್ನು ಎಲ್ಲಿ ಹುಡುಕಬೇಕು?

ಕಂಪನಿ ಕಾರ್ಯದರ್ಶಿ, ಹುಬ್ಬಳ್ಳಿ:
ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2015ರಲ್ಲಿ ರೂಪಿಸಿದ ನಿಯಮಾವಳಿಯ 30ನೆಯ ನಿಯಮವೇ ಇಲ್ಲಿ ಆಧಾರ. 2023ರ ತಿದ್ದುಪಡಿಯ ಪ್ರಕಾರ ಆಡಳಿತ ಮಂಡಳಿ ಸಭೆಯಲ್ಲಿ ಆದ ನಿರ್ಧಾರವನ್ನು ಸಭೆ ಮುಗಿದ 30 ನಿಮಿಷಗಳೊಳಗೆ, ಕಂಪನಿಯ ಒಳಗಿನಿಂದಲೇ ಹುಟ್ಟಿದ ಇತರ ಮಹತ್ವದ ಸಂಗತಿಗಳನ್ನು 12 ಗಂಟೆಗಳೊಳಗೆ, ಹೊರಗಿನಿಂದ ಬಂದದ್ದನ್ನು 24 ಗಂಟೆಗಳೊಳಗೆ ವಿನಿಮಯ ಕೇಂದ್ರಗಳಿಗೆ ತಿಳಿಸಬೇಕು. ವಹಿವಾಟಿನ ಸಮಯ ಮುಗಿದ ಮೇಲೆ ಮಂಡಳಿ ಸಭೆ ಮುಗಿದರೆ 3 ಗಂಟೆಗಳ ಅವಕಾಶವನ್ನು 2024ರ ಕೊನೆಯಲ್ಲಿ ಕೊಡಲಾಯಿತು.

ಇನ್ನು ವಿಶ್ಲೇಷಕರ ಸಭೆ. ಗುಂಪು ಸಭೆಯಾದರೆ ಅದರ ವೇಳಾಪಟ್ಟಿಯನ್ನು ಕನಿಷ್ಠ ಎರಡು ಕೆಲಸದ ದಿನ ಮುಂಚಿತವಾಗಿ ಪ್ರಕಟಿಸಬೇಕು ಮತ್ತು ಅಲ್ಲಿ ತೋರಿಸಿದ ಪ್ರಸ್ತುತಿಯನ್ನೂ ಹಾಕಬೇಕು. ತ್ರೈಮಾಸಿಕ ಫಲಿತಾಂಶದ ನಂತರ ವಿಶ್ಲೇಷಕರೊಡನೆ ನಡೆಸುವ ಕರೆಯಾದರೆ ಧ್ವನಿಮುದ್ರಿಕೆ ಮುಂದಿನ ವಹಿವಾಟು ದಿನಕ್ಕೆ ಮೊದಲು ಅಥವಾ 24 ಗಂಟೆಗಳೊಳಗೆ, ಯಾವುದು ಮೊದಲೋ ಆಗ ಬರಬೇಕು; ಲಿಖಿತ ಪ್ರತಿಗೆ ಐದು ಕೆಲಸದ ದಿನಗಳ ಗಡುವಿದೆ. ನೀವು ಹೇಳುವ ಸಭೆ ಫಲಿತಾಂಶದ ಕರೆಯಲ್ಲವೆಂದು ತೋರುತ್ತದೆ. ಹಾಗಾದರೆ ಧ್ವನಿಮುದ್ರಿಕೆಯನ್ನು ಹಾಕಲೇಬೇಕೆಂಬ ಕಡ್ಡಾಯವಿಲ್ಲ. ನಿಮ್ಮ ಅನುಮಾನ ಇರುವುದೂ ಅಲ್ಲಿಯೇ, ನಿಯಮ ಸಡಿಲವಾಗಿರುವುದೂ ಅಲ್ಲಿಯೇ.

ಹಳೆಯ ಷೇರುದಾರ, ಬೆಂಗಳೂರು:
ಕಾರ್ಯದರ್ಶಿಯವರು ಹೇಳಿದ್ದು ಕಾಗದದ ಮೇಲೆ ಸರಿಯೇ. ಆದರೆ ಯಾವ ಸಂಗತಿ ಮಹತ್ವದ್ದು ಎಂಬುದನ್ನು ಎಷ್ಟೋ ಸಲ ಕಂಪನಿಯೇ ತೀರ್ಮಾನಿಸುತ್ತದೆ. 2019ರ ಇನ್ಫೋಸಿಸ್ ಪ್ರಸಂಗವನ್ನು ನೆನಪಿಸಿಕೊಳ್ಳಿ. ನೌಕರರೆಂದು ಹೇಳಿಕೊಂಡ ಅನಾಮಧೇಯರು ಸೆಪ್ಟೆಂಬರ್‌ನಲ್ಲಿ ಆಡಳಿತ ಮಂಡಳಿಗೆ ದೂರು ಬರೆದಿದ್ದರು. ಅದು ಸಾರ್ವಜನಿಕರಿಗೆ ತಿಳಿದದ್ದು ಅಕ್ಟೋಬರ್‌ನ ಮೂರನೆಯ ವಾರದ ಹೊತ್ತಿಗೆ, ಮರುದಿನದ ವಹಿವಾಟಿನಲ್ಲಿ ಷೇರು ಶೇಕಡ 16ರಷ್ಟು ಕುಸಿಯಿತು. ದೂರನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ವಿನಿಮಯ ಕೇಂದ್ರ ಕೇಳಿತು. 2020ರ ಜನವರಿಯಲ್ಲಿ ಕಂಪನಿಯ ಲೆಕ್ಕಪರಿಶೋಧನಾ ಸಮಿತಿಯ ತನಿಖೆಯು ಆರೋಪಗಳಿಗೆ ಆಧಾರವಿಲ್ಲವೆಂದು ಹೇಳಿತು. ಪರಿಶೀಲನೆಯಾಗದ ದೂರನ್ನೆಲ್ಲ ಪ್ರಕಟಿಸುತ್ತಾ ಹೋದರೆ ಸುಳ್ಳುಗಾರರಿಗೆ ಅನುಕೂಲವಾಗುತ್ತದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೂ ಆ ಮರುದಿನ ಭಯಪಟ್ಟು ಮಾರಿದವರು ಹೆಚ್ಚಾಗಿ ಸಣ್ಣ ಹೂಡಿಕೆದಾರರೇ ಇರಬೇಕೆಂದು ನನ್ನ ಊಹೆ.

ಸೋರಿಕೆಯನ್ನು ಸಾಬೀತುಪಡಿಸುವುದಂತೂ ಇನ್ನೂ ಕಷ್ಟ. ಹಲವು ಕಂಪನಿಗಳ ಫಲಿತಾಂಶದ ಅಂಕಿಗಳು ಪ್ರಕಟಣೆಗೆ ಮೊದಲೇ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ಸುದ್ದಿ 2017ರಲ್ಲಿ ಬಂತು. ಸೆಬಿ 2020ರಲ್ಲಿ ದಂಡ ವಿಧಿಸಿದರೂ, ಸಂದೇಶ ಕಳಿಸಿದವರಿಗೆ ಅದು ಪ್ರಕಟವಾಗದ ಗುಟ್ಟಿನ ಮಾಹಿತಿಯೆಂದು ಗೊತ್ತಿತ್ತು ಎಂಬುದು ಸಾಬೀತಾಗಿಲ್ಲವೆಂದು ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಆ ಆದೇಶಗಳನ್ನು ರದ್ದುಪಡಿಸಿತು.

ದಾವಣಗೆರೆ ಹೂಡಿಕೆದಾರ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಾನು ಸುಮ್ಮನಿರಬೇಕೆಂದು ಅರ್ಥವೇ? ಮ್ಯೂಚುವಲ್ ಫಂಡ್‌ನ ಒಬ್ಬ ನಿಧಿ ವ್ಯವಸ್ಥಾಪಕನೊಡನೆ ಮಾತ್ರ ಕಂಪನಿಯವರು ಪ್ರತ್ಯೇಕವಾಗಿ ಮಾತಾಡಿದರೆ ಅದಕ್ಕೆ ವೇಳಾಪಟ್ಟಿಯೂ ಬೇಡವೇ?

ಕಂಪನಿ ಕಾರ್ಯದರ್ಶಿ, ಹುಬ್ಬಳ್ಳಿ:
ವೇಳಾಪಟ್ಟಿಯ ನಿಯಮ ಗುಂಪು ಸಭೆಗಳಿಗೆ ಮಾತ್ರ. ಆದರೆ ಒಬ್ಬರೊಡನೆ ಆಡಿದರೂ ನೂರು ಮಂದಿಯ ಮುಂದೆ ಆಡಿದರೂ ಬೆಲೆಯ ಮೇಲೆ ಪರಿಣಾಮ ಬೀರುವ ಅಪ್ರಕಟಿತ ಮಾಹಿತಿಯನ್ನು, ಕರ್ತವ್ಯ ಅಥವಾ ಕಾನೂನಿನ ಅಗತ್ಯವಿಲ್ಲದೆ ಹೇಳುವಂತಿಲ್ಲ. 2015ರ ಒಳವ್ಯಾಪಾರ (ಒಳಗಿನ ಗುಟ್ಟಿನ ಮಾಹಿತಿ ಹಿಡಿದು ಷೇರು ವಹಿವಾಟು ನಡೆಸುವುದು) ನಿಷೇಧ ನಿಯಮಗಳು ವ್ಯವಹಾರ ವಿಸ್ತರಣೆಯನ್ನು ಇಂಥ ಮಾಹಿತಿಯ ಸಾಲಿನಲ್ಲೇ ಹೆಸರಿಸುತ್ತವೆ. ಅದೇ ನಿಯಮಗಳ ಪ್ರಕಾರ ಪ್ರತಿಯೊಂದು ಪಟ್ಟಿಯಾದ ಕಂಪನಿಯೂ ನ್ಯಾಯಯುತ ಪ್ರಕಟಣೆಯ ಸಂಹಿತೆಯೊಂದನ್ನು ತನ್ನ ಜಾಲತಾಣದಲ್ಲಿ ಹಾಕಿರಬೇಕು. ವಿಶ್ಲೇಷಕರಿಗೆ ಕೊಟ್ಟ ಮಾಹಿತಿ ಅಪ್ರಕಟಿತ ಬೆಲೆ ಸೂಕ್ಷ್ಮ ಮಾಹಿತಿಯಾಗಿರಬಾರದು, ಆಯ್ದ ಕೆಲವರಿಗೆ ಅಚಾತುರ್ಯದಿಂದ ತಿಳಿದದ್ದನ್ನು ಕೂಡಲೇ ಎಲ್ಲರಿಗೂ ತಿಳಿಸಬೇಕು ಎಂಬ ತತ್ವಗಳು ಅದರಲ್ಲಿರಬೇಕು.

ನನ್ನ ಸಲಹೆ: ಮೊದಲು ಆ ಸಂಹಿತೆಯನ್ನು ಓದಿ. ನಂತರ ಸಭೆಯ ದಿನಾಂಕ, ಅದರ ವೇಳಾಪಟ್ಟಿ ಯಾವಾಗ ಬಂತು, ಪ್ರಸ್ತುತಿ ಹಾಕಿದ್ದಾರೆಯೇ, ಬಂಡವಾಳದ ನಿರ್ಧಾರವನ್ನು ಮಂಡಳಿ ಯಾವ ದಿನ ಅಂಗೀಕರಿಸಿತು ಎಂಬುದನ್ನು ಪ್ರಕಟಣೆಗಳಿಂದಲೇ ಬರೆದಿಟ್ಟುಕೊಳ್ಳಿ. ಕಂಪನಿಯಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಅನುಪಾಲನಾ ಅಧಿಕಾರಿಗೆ ಇಮೇಲ್ ಮಾಡಿ ವಿವರಣೆ ಕೇಳಿ. ಸಮಾಧಾನವಾಗದಿದ್ದರೆ ಅದೇ ಪತ್ರವ್ಯವಹಾರವನ್ನು ಲಗತ್ತಿಸಿ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಿ. ಬೆಲೆ ಏರಿತೆಂಬ ಒಂದೇ ಮಾತನ್ನು ಬರೆದರೆ ಏನೂ ನಡೆಯದು. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರೆ ಕಂಪನಿ ಉತ್ತರಿಸಲೇಬೇಕಾಗುತ್ತದೆ.